ನೆಲಕ್ಕೆ ಬಾರದ ಸದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಕಲಿಸುತ್ತಿದ್ದೆ. ಗೆಡ್ಡೆಗೆಣಸು ಆಯ್ದು, ಬೇಟೆಯಾಡಿ ಬದುಕುತ್ತಿದ್ದ ಮನುಷ್ಯ ದನ ಸಾಕಿದ, ಬಿತ್ತಿದ, ಕಬ್ಬಿಣ ಕಾಯಿಸಿದ, ಊರು ಕಟ್ಟಿದ, ಯಂತ್ರ ಮಾಡಿದ ಎಂದು ಕಪ್ಪುಹಲಗೆಯ ಮೇಲೆ ಮೆಟ್ಟಿಲು ಬರೆದು ತೋರಿಸುತ್ತಿದ್ದೆ. ಒಂದು ಮೆಟ್ಟಿಲು ಹತ್ತಿದವರು ಕೆಳಗಿನದನ್ನು ಬಿಟ್ಟೇಬಿಡುತ್ತಾರೆ ಎಂದುಕೊಂಡಿದ್ದೆ.

ಸೊಕ್ಕೆಯ ಹತ್ತಿರ ಒಂದು ಹೊಲದಲ್ಲಿ ಬಾವಿ ತೋಡುವಾಗ ಆಳುದ್ದ ಕೆಳಗೆ ಬೂದಿ, ಮಡಕೆ ಚೂರು, ಉಜ್ಜಿ ನುಣುಪು ಮಾಡಿದ ಒಂದು ಕಲ್ಲುಕೊಡಲಿ ಸಿಕ್ಕವು. ಸುದ್ದಿ ತಿಳಿದ ಮೇಲೆ ಪ್ರತಿ ಭಾನುವಾರ ಅಲ್ಲಿಗೆ ಹೋಗತೊಡಗಿದೆ. ತೋಡುತ್ತಿದ್ದವರು ಒಬ್ಬ ಮುದುಕಿ, ಆಕೆಯ ಮಗ, ಮತ್ತೆ ಇಬ್ಬರು ಆಳುಗಳು. ಕೊಡಲಿಯನ್ನು ಕೈಯಲ್ಲಿ ತೂಗಿ ನೋಡಿ ಮುದುಕಿ ಹೇಳಿದ್ದಳು: "ಇದ್ರಾಗೆ ಕಡಿದೋನು ಗಟ್ಟಿಗ ಬಿಡ್ರಿ ಮೇಷ್ಟ್ರೇ. ನನ್ನ ಮಗನ ಕೈಗೆ ಕೊಟ್ಟಿದ್ರೆ ಊಟಕ್ಕೆ ಮುಂಚೆನೇ ಮಲಗ್ತಿದ್ದ."

ಮಣ್ಣು ಮುಗಿದು ಬಂಡೆ ಬಂತು. ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಇಟ್ಟು ಸಿಡಿಸಬೇಕು. ಸದ್ದು ಒಂದೊಂದಾಗಿ ಕೇಳಲೆಂದು ಬತ್ತಿಗಳನ್ನು ಗಿಡ್ಡ, ಉದ್ದ ಮಾಡಿ ಕತ್ತರಿಸುತ್ತಿದ್ದರು. ಎಷ್ಟು ಕುಳಿಯೋ ಅಷ್ಟು ಸದ್ದು ಬಂದ ಮೇಲೇ ಕೆಳಗಿಳಿಯುವುದು.

ಆ ಭಾನುವಾರ ಆರು ಕುಳಿ. ಮಗ ಬೆಂಕಿ ಇಟ್ಟು ಮೇಲೆ ಓಡಿಬಂದ. ಎಲ್ಲರೂ ದೂರದ ಬೇವಿನ ಮರದ ಹಿಂದೆ ಸರಿದೆವು; ಹೊಲದಾಚೆ ಕಲ್ಲುಗುಡ್ಡವಿತ್ತು. ಮುದುಕಿ ಮಡಿಲಲ್ಲಿ ಆರು ಹರಳುಕಲ್ಲು ಇಟ್ಟುಕೊಂಡು, ಅಂಗೈಯನ್ನು ನೆಲಕ್ಕೆ ಒತ್ತಿ ಕೂತಳು. ಸದ್ದಿಗೊಂದರಂತೆ ಹರಳು ಎಸೆದಳು. ನಾನು ನಿಂತು ಬೆರಳು ಮಡಿಚಿದೆ.

"ಎಷ್ಟಾದವು ಮೇಷ್ಟ್ರೇ?" ಎಂದ ಮಗ.

"ಆರೂ ಆದವು."

"ಐದು," ಎಂದಳು ಮುದುಕಿ. ಮಡಿಲಲ್ಲಿ ಒಂದು ಹರಳು ಉಳಿದಿತ್ತು. "ಒಂದು ಒಳಗೈತೆ."

"ಇಲ್ಲಜ್ಜಿ, ಮೂರಾದ ಕೂಡ್ಲೇ ನಾಕನೇದು ಬಂತು. ನಿನಗೆ ಗೊತ್ತಾಗಿಲ್ಲ," ಎಂದೆ.

"ಅದು ಗುಡ್ಡ ಕೂಗಿದ್ದು. ಜೋರು ಸಿಡಿದದ್ಕೆ ಮಾತ್ರ ಅದು ಕೂಗ್ತೈತೆ. ನೆಲಕ್ಕೆ ಬರ್ಲಿಲ್ಲ."

ಮಗ ನಕ್ಕ. "ಕಾಲೇಜು ಓದಿದೋರು ಆರು ಅಂತಾರೆ, ಹರಳು ಆಡೋಳು ಐದು ಅಂತಾಳೆ. ನಾನು ಹೆಂಗೆ ಮಾಡ್ಲಿ?" ಎನ್ನುತ್ತ ಬಾವಿಯ ಕಡೆ ಹೊರಟ. ಮುದುಕಿ ಎದ್ದು ಹಿಂದಿನಿಂದ ಅವನ ಅಂಗಿ ಹಿಡಿದಳು.

"ಹೆತ್ತಿದ್ದು ಒಬ್ಬನ್ನೇ ಕಣೋ. ಅಷ್ಟು ಎಣಿಸಾಕೆ ಬರುತ್ತೆ ನಂಗೆ. ಕೂತ್ಕ. ಒಂದು ಬೀಡಿ ಸೇದಿ ಆಮೇಲೆ ಹೋಗು."

"ಬಿಡಜ್ಜಿ, ಹೊತ್ತಾಗುತ್ತೆ," ಎಂದೆ ನಾನು.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂಗಿ ಹರಿದಿದ್ದರೆ? ಅವನ ಕಿಸೆಯಲ್ಲಿ ಬೀಡಿ ಇಲ್ಲದಿದ್ದರೆ? ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದರೂ ಅಲ್ಲಿ ನಾನು ಅದನ್ನೇ ಹೇಳುತ್ತೇನೆ, ಅವನು ನಡೆದೇ ಹೋಗುತ್ತಾನೆ.

ಆದರೆ ಆವತ್ತು ಅವನು ಕೂತ. ಬೀಡಿ ಅರ್ಧ ಆಗಿತ್ತು. ಮೊದಲು ಅಂಗಾಲಿಗೆ ಯಾರೋ ಗುದ್ದಿದಂತಾಯಿತು, ಆಮೇಲೆ ಸದ್ದು. ಬಾವಿಯ ಬಾಯಿಗೆ ಮುಚ್ಚಿದ್ದ ಮುಳ್ಳುಕಂಟಿ ಮೇಲೆ ಹಾರಿತು. ಒಂದು ಚಪ್ಪಡಿ ಬಂದು ದಡದಲ್ಲಿದ್ದ ಮಣ್ಣು ಹೊರುವ ಮಂಕರಿಯನ್ನು ಅಪ್ಪಚ್ಚಿ ಮಾಡಿತು. ಹಿಂದೆಯೇ ಗುಡ್ಡ ಇನ್ನೊಮ್ಮೆ ಕೂಗಿತು. ಅದೇ ಸದ್ದು, ಅಷ್ಟೇ ಜೋರು. ಆದರೆ ಕಾಲಿಗೆ ಏನೂ ತಾಗಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಮಗ ಬೀಡಿಯನ್ನು ಕೊನೆಯವರೆಗೂ ಸೇದಿದ. ಅಂಕಿ ಹುಟ್ಟುವ ಮೊದಲು ಕುರಿ ಕಾಯುವವನು ಹೀಗೇ ಹರಳಿಟ್ಟು ಎಣಿಸುತ್ತಿದ್ದ ಎಂದು ನಾನೇ ಪಾಠ ಹೇಳಿದವನು. ಅದನ್ನು ಕೆಳಗಿನ ಮೆಟ್ಟಿಲಲ್ಲಿ ಬರೆದು, ಮುಗಿದ ಕಥೆಯೆಂದು ಹೇಳಿದ್ದೆ. ಈ ಬಾವಿಯ ದಡದಲ್ಲಿ ಮದ್ದು, ಹಾರೆ, ಹರಳು, ಅಂಗೈ ಎಲ್ಲ ಒಂದೇ ಮಧ್ಯಾಹ್ನ ಕೆಲಸ ಮಾಡುತ್ತಿದ್ದವು.

"ಇವತ್ತು ಇಳಿಯೋದು ಬ್ಯಾಡ," ಎಂದಳು ಮುದುಕಿ. ನನ್ನ ಕಡೆ ತಿರುಗಿ, "ಬರೋ ವಾರ ಬಂದ್ರೆ ಚಪ್ಪಲಿ ಬಿಟ್ಟು ಕೂತ್ಕಳ್ರಿ ಮೇಷ್ಟ್ರೇ," ಎಂದಳು.

ಬರುವ ವಾರ ನಾನು ಹೋಗಲಿಲ್ಲ. ಅದರ ಮುಂದಿನ ವಾರ ಹೋಗಿ ಆಕೆಯ ಪಕ್ಕದಲ್ಲಿ ಬರಿಗಾಲಲ್ಲಿ ಕೂತೆ. ಮಗ ಬತ್ತಿಗೆ ಬೆಂಕಿ ಇಟ್ಟು ಬಂದ. ಸದ್ದು ಒಂದೊಂದಾಗಿ ಬಂದವು; ಯಾವುದು ನೆಲದ್ದು, ಯಾವುದು ಗುಡ್ಡದ್ದು ಎಂದು ನನ್ನ ಅಂಗಾಲಿಗೆ ತಿಳಿಯಲಿಲ್ಲ. ಎಷ್ಟಾದವು ಎಂದು ಅವನು ಕೇಳಿದಾಗ ನಾನು ಮುದುಕಿಯ ಮುಖ ನೋಡಿದೆ.