ಅಕ್ಕನ ಅರಿಶಿನ, ಗ್ರೀನ್ ಟೀ ಗುಳಿಗೆ

ನಮ್ಮ ಮಾಧ್ವರ ಮನೆಗಳಲ್ಲಿ ಪೂಜೆಗೆ ಮುಂಚೆ ಬಾಯಿಗೆ ಏನೂ ಹಾಕುವಂತಿಲ್ಲ. ತಮಿಳರ ನಡುವೆ ವಡಪಳನಿಯ ಫ್ಲ್ಯಾಟಿನಲ್ಲಿ ಸಂಸಾರ ಮಾಡುತ್ತಿದ್ದರೂ ನನ್ನ ಅಕ್ಕ ಈ ಕಟ್ಟಳೆ ಬಿಟ್ಟವಳಲ್ಲ. ಆದರೆ ಕಟ್ಟಳೆಯೊಳಗೆ ಸಂದು ಹುಡುಕುವುದರಲ್ಲೂ ಅವಳು ಗಟ್ಟಿಗಿತ್ತಿ. ಏಕಾದಶಿಯಂದು ಕಾಫಿ ನಡೆಯುತ್ತದೆಯೇ ಎಂಬ ವಾದದಲ್ಲಿ ಮನೆಗೆ ಬಂದ ಆಚಾರ್ಯರನ್ನೇ ಒಮ್ಮೆ ಸುಮ್ಮನಾಗಿಸಿದ್ದಳು.

ಗ್ರೀನ್ ಟೀ ಸಾರದ ಗುಳಿಗೆ ಅವಳಿಗೆ ಗೊತ್ತಾದದ್ದು ಪಾರ್ಕಿನಲ್ಲಿ ಜತೆಗೆ ವಾಕಿಂಗ್ ಮಾಡುವ ಗೆಳತಿಯಿಂದ. ಅಕ್ಕನಿಗೆ ಕೊಲೆಸ್ಟ್ರಾಲ್ ಏರಿತ್ತು, ಮೊಣಕಾಲು ಮೈಭಾರ ತಡೆಯುತ್ತಿರಲಿಲ್ಲ. ಡಬ್ಬಿಯ ಮೇಲೆ ಬರೆದದ್ದೆಲ್ಲ ಅವಳಿಗಾಗಿಯೇ ಬರೆದಂತಿತ್ತು. ತೂಕ ಇಳಿಯುತ್ತದೆ, ಹೃದಯಕ್ಕೆ ಒಳ್ಳೆಯದು, ಚರ್ಮಕ್ಕೆ ಕಾಂತಿ. ಬೆಳಗ್ಗೆ ಒಂದು, ರಾತ್ರಿ ಒಂದು, ಊಟದ ಜತೆ ತೆಗೆದುಕೊಳ್ಳಿ ಎಂದೂ ಇತ್ತು. ಅಕ್ಕನ ಕಣ್ಣು ಅಲ್ಲಿ ನಿಲ್ಲಲಿಲ್ಲ, ಗುಳಿಗೆಯ ಜೆಲಟಿನ್ ಸಿಪ್ಪೆಯ ಮೇಲೆ ನಿಂತಿತು.

"ಯಾವ ಪ್ರಾಣಿಯ ಎಲುಬಿಂದ ಮಾಡಿದ್ದೋ, ಏನು ಕರ್ಮವೋ," ಎಂದು ಗುಳಿಗೆ ಬಿಚ್ಚಿ, ಒಳಗಿನ ಪುಡಿಯನ್ನಷ್ಟೇ ನೀರಿಗೆ ಉದುರಿಸಿ, ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಿದಳು. ಮತ್ತೆ ಮತ್ತೆ ಬಿಚ್ಚುವ ಗೋಜು ಬೇಡವೆಂದು ಎರಡನ್ನೂ ಬೆಳಗ್ಗೆಯೇ, ಸ್ನಾನವಾದ ಮೇಲೆ ಮಡಿಯಲ್ಲಿ, ಒಟ್ಟಿಗೆ ಕುಡಿಯತೊಡಗಿದಳು.

"ಪೂಜೆಗೆ ಮುಂಚೆ ಕುಡೀಬಹುದೇನೇ?" ಎಂದು ಕೇಳಿದೆ.

"ಎಲೆ ಕಣೇ ಅದು. ತುಳಸಿ ತೀರ್ಥ ಕುಡಿಯಲ್ವಾ, ಹಾಗೇ. ಹಾಲಿಲ್ಲ, ಸಕ್ಕರೆ ಇಲ್ಲ. ಏಕಾದಶಿಗೂ ನಡೆಯತ್ತೆ."

ಭಾವ ಪೇಪರಿನ ಹಿಂದಿನಿಂದ, "ನಾಳೆಯಿಂದ ಪ್ರಸಾದನೂ ಅದೇ ಡಬ್ಬೀಲಿ ಬರತ್ತೆ ನೋಡಮ್ಮಾ," ಎಂದರು.

"ನಿಮ್ಮ ಹೊಟ್ಟೆ ನೋಡ್ಕೊಳಿ ಮೊದಲು. ಬನಿಯನ್ ಒಳಗೆ ನಿಲ್ತಿಲ್ಲ."

ಕೆಲವು ವಾರಗಳಲ್ಲಿ ಅಕ್ಕ ನಿಜಕ್ಕೂ ಇಳಿದಳು. ತಟ್ಟೆಯ ಅನ್ನ ಅರ್ಧಕ್ಕೇ ಸಾಕಾಗುತ್ತಿತ್ತು. "ಹಸಿವೇ ಆಗಲ್ಲ ಡೀ, ಸೂಪರಾ ಕೆಲಸ ಮಾಡ್ತಿದೆ," ಎಂದು ಸಡಿಲವಾದ ರವಿಕೆಯನ್ನು ಹಿಡಿದು ತೋರಿಸಿದಳು. ಮುಖದ ಬಣ್ಣವೂ ತಿರುಗಿತ್ತು. ಎದುರುಮನೆಯ ತಮಿಳು ಹೆಂಗಸು "ಎಂದ ಕಡೈ ಮಂಜಳ್, ಮಾಮಿ?" ಎಂದು ಅರಿಶಿನದ ಅಂಗಡಿಯನ್ನೇ ವಿಚಾರಿಸಿದರು. ದಿನವೂ ಮುಖಕ್ಕೆ ಅರಿಶಿನ ಹಚ್ಚುವ ಅಕ್ಕನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ಆಮೇಲೆ ಭಾವನ ದಾಯಾದಿಯೊಬ್ಬರು ತೀರಿಕೊಂಡು ಅಕ್ಕನ ಮನೆಗೆ ಸೂತಕ ಬಂತು. ಮಾತಾಡಿಸಿ ಬರೋಣವೆಂದು ಕೋಡಂಬಾಕ್ಕಂನ ನನ್ನ ಮನೆಯಿಂದ ಹೋದೆ. ಬಾಗಿಲು ತೆರೆದ ಅಕ್ಕನ ಮುಖ ನೋಡಿ ಹೊಸ್ತಿಲಲ್ಲೇ ನಿಂತೆ.

"ಅಕ್ಕಾ, ಅರಿಶಿನ ಹಚ್ಚಿದೀಯಾ?"

"ಸೂತಕದಲ್ಲಿ ಯಾರಾದ್ರೂ ಹಚ್ತಾರೇನೇ? ಅಷ್ಟೂ ಮರೆತುಹೋಯ್ತಾ ನಿಂಗೆ?"

ಕೈಹಿಡಿದು ಬಾಲ್ಕನಿಯ ಬಿಸಿಲಿಗೆ ಕರೆತಂದೆ. ಅರಿಶಿನವಿಲ್ಲದ ಮುಖ ಹಳದಿಯಾಗಿಯೇ ಇತ್ತು. ಕಣ್ಣಿನ ಬಿಳಿಯೂ ಹಳದಿ. ಮೂತ್ರ ಹೇಗಿದೆ ಎಂದು ಮೆಲ್ಲಗೆ ಕೇಳಿದೆ. "ಡಿಕಾಕ್ಷನ್ ಹಾಗೆ. ನೀರು ಕಡಿಮೆ ಆಗಿರಬೇಕು ಅಂದ್ಕೊಂಡೆ," ಎಂದಳು. ಭಾವ ಬಂದು ಅವಳ ಕಣ್ಣು ನೋಡಿದರು. ಚಪ್ಪಲಿ ಹುಡುಕತೊಡಗಿದರು.

ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕಿಗಳು ವಿಪರೀತ ಏರಿದ್ದವು. ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರಮ್ಮ ಕೇಳಿದರೆ ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಚಹಾ ಅವಳ ಲೆಕ್ಕದಲ್ಲಿ ಔಷಧಿಯಲ್ಲ. ಭಾವ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

ಡಾಕ್ಟರಮ್ಮ ಬೈಯಲಿಲ್ಲ. ಲೋಟದಲ್ಲಿ ಕುಡಿಯುವ ಗ್ರೀನ್ ಟೀ ಬೇರೆ, ಅದರ ಸತ್ವವನ್ನೆಲ್ಲ ಹಿಂಡಿ ಗುಳಿಗೆಯಲ್ಲಿ ತುಂಬಿದ್ದು ಬೇರೆ ಎಂದರು. ಬಹಳ ಜನಕ್ಕೆ ಏನೂ ಆಗುವುದಿಲ್ಲ, ಕೆಲವರ ಲಿವರ್ ಮಾತ್ರ ಅದನ್ನು ತಾಳುವುದಿಲ್ಲ, ಬರಿಹೊಟ್ಟೆಯಲ್ಲಿ ಅಪಾಯ ಇನ್ನೂ ಹೆಚ್ಚು.

"ಹಾಗಾದ್ರೆ ಉಪಯೋಗವೇ ಇಲ್ವಾ?" ಅಕ್ಕನಿಗೆ ಇನ್ನೂ ಆಸೆ.

"ಕೊಲೆಸ್ಟ್ರಾಲ್ ಸ್ವಲ್ಪ ಇಳಿಯಬಹುದು. ಲಿವರ್ ಕೊಟ್ಟು ಅದನ್ನ ಇಳಿಸೋದು ಬೇಡ," ಎಂದರು ಅವರು. ಇಂದಿನಿಂದಲೇ ಗುಳಿಗೆ ನಿಲ್ಲಬೇಕು, ಬೇರೆ ಸೊಪ್ಪು, ಬೇರು, ಚೂರ್ಣ ಯಾವುದೂ ಕೂಡದು. ತಾನಾಗಿ ಚೇತರಿಸಿಕೊಂಡರೆ ಸರಿ, ಇಲ್ಲವಾದರೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ಗುಳಿಗೆ ನಿಲ್ಲಿಸಿದ ಮೇಲಿನ ವಾರಗಳಲ್ಲಿ ನನಗೆ ಒಂದೇ ಯೋಚನೆ. ಅತಿಯಾದರೆ ಅಮೃತವೂ ವಿಷವೆಂದು ನಮಗೆ ಮಾತು ಕಲಿಸಿದ ಅಜ್ಜಿ ಹೇಳುತ್ತಿದ್ದರು. ಆದರೆ ಅಕ್ಕ ಅತಿಯಾಸೆಗೆ ಬಿದ್ದವಳಲ್ಲ, ಆಚಾರ ಪಾಲಿಸಿದವಳು. ಒಳ್ಳೆಯದಾಗುತ್ತಿದೆ ಎಂದು ಒಮ್ಮೆ ನಂಬಿಬಿಟ್ಟರೆ ಹಸಿವು ಸತ್ತದ್ದೂ ಗುಣವಾಗಿ ಕಾಣುತ್ತದೆ, ಕಾಮಾಲೆಯೂ ಕಳೆಯಾಗಿ ಕಾಣುತ್ತದೆ.

ಸುದ್ದಿ ತಿಳಿದ ಎದುರುಮನೆಯಾಕೆ ಕೋಯಂಬೇಡು ಮಾರುಕಟ್ಟೆಯಿಂದ ನೆಲನೆಲ್ಲಿ ಸೊಪ್ಪು ತರಿಸಿ, ಮಜ್ಜಿಗೆಯಲ್ಲಿ ಅರೆದು, ಲೋಟ ಹಿಡಿದು ಬಂದರು. ಕಾಮಾಲೆಗೆ ನಮ್ಮ ಅಜ್ಜಿಯೂ ಅದನ್ನೇ ಕೊಡುತ್ತಿದ್ದರು. ಅಕ್ಕ ಲೋಟದತ್ತ ನೋಡುತ್ತ ಕೂತಳು.

"ಎಲೆ ತಾನೇ ಮಾಮಿ, ಏನೂ ಮಾಡಲ್ಲ," ಎಂದು ಆಕೆ ತಮಿಳಿನಲ್ಲಿ ಒತ್ತಾಯಿಸಿದರು.

ಅಕ್ಕ ತಮಿಳಿನಲ್ಲೇ, "ಏನೂ ಮಾಡಲ್ಲ ಅಂದ್ರೆ ಯಾಕಮ್ಮಾ ಕುಡೀಬೇಕು?" ಎಂದಳು. ಆಕೆ ಜೋರಾಗಿ ನಕ್ಕು, ಲೋಟವನ್ನು ವಾಪಸು ಒಯ್ದರು.

ಮತ್ತೊಂದು ರಕ್ತಪರೀಕ್ಷೆಯಲ್ಲಿ ಅಂಕಿಗಳು ಇಳಿಮುಖವಾಗಿದ್ದವು. ಬೆಳಗ್ಗೆಯೇ ಡಾಕ್ಟರಮ್ಮನಿಗೆ ವರದಿ ತೋರಿಸಿ ಮೂವರೂ ಆಟೋದಲ್ಲಿ ಮರಳುತ್ತಿದ್ದಾಗ ಅಕ್ಕ, "ಹೊಟ್ಟೆ ಹಸೀತಿದೆ ಕಣೇ," ಎಂದಳು. ಎಷ್ಟೋ ದಿನದ ಮೇಲೆ ಕೇಳಿದ ಮಾತು. ಭಾವ ತಕ್ಷಣ ಹೋಟೆಲೊಂದರ ಮುಂದೆ ಆಟೋ ನಿಲ್ಲಿಸಿದರು.

"ಅಯ್ಯೋ, ಮನೆಗೆ ಹೋಗೋಣ್ರೀ. ಪೂಜೆ ಆಗಿಲ್ಲ."

"ದೇವರಿಗೆ ಲಿವರ್ ತೊಂದರೆ ಇಲ್ಲ ಕಣೇ, ಕಾಯ್ತಾನೆ. ಇಳಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಮೊದಲೇ ಇಳಿದು ಕೈ ಚಾಚಿದೆ. ಸೆರಗು ಸರಿಮಾಡಿಕೊಂಡು ಇಳಿದಳು.