ಎಂಜಿನಿಯರ್ ಬರುವ ಮುನ್ನ ಬೀದಿ ತೊಳೆದ ನಮ್ಮ ಅತ್ತಿಗೆ

ನಮ್ಮ ಅತ್ತಿಗೆ ದರ್ಜಿ. ಬೀದಿಯ ತಗ್ಗಿನ ತುದಿಯಲ್ಲಿ, ದೊಡ್ಡ ಚರಂಡಿಗೆ ಬೆನ್ನು ಕೊಟ್ಟು ನಿಂತ ಅಂಗಡಿ ಸಾಲಿನಲ್ಲಿ ಮೊದಲನೆಯದು ಅವರದು. ಅಣ್ಣ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಅಲ್ಲೇ ಹೊಲಿಗೆ ಯಂತ್ರ ತುಳಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದರು. ಬೀದಿಯವರೆಲ್ಲರ ಸೊಂಟದ ಅಳತೆ ಅವರಿಗೆ ಬಾಯಿಪಾಠ. ದಪ್ಪಗಾದವರಿಗೆ ಮುಖದ ಮೇಲೆಯೇ ಹೇಳುತ್ತಾರೆ. ಇಂಥ ಬಾಯಿಯವರಿಗೆ ಮರ್ಯಾದೆಯ ಹುಚ್ಚು ಮಾತ್ರ ವಿಪರೀತ. ಹರಿದದ್ದು ಪರರ ಕಣ್ಣಿಗೆ ಬೀಳಬಾರದು, ಅಷ್ಟೇ.

ಚರಂಡಿ ಕುಸಿದು ವರ್ಷಗಳೇ ಆಗಿದ್ದವು. ಮಳೆ ಬಂದರೆ ಕೊಳಕು ನೀರು ಬೀದಿಗೆ ನುಗ್ಗುತ್ತಿತ್ತು. ರಿಪೇರಿಗೆ ದುಡ್ಡು ಎಲ್ಲಿಂದ ತರುವುದು? ಬ್ಯಾಂಕಿನವರು ಹಕ್ಕುಪತ್ರ ಕೇಳಿದರು. ಅರ್ಧ ಜನರ ಹತ್ತಿರ ಅಜ್ಜನ ಬಾಯಿಮಾತು ಬಿಟ್ಟರೆ ಬೇರೆ ದಾಖಲೆ ಇಲ್ಲ. ಒಬ್ಬ ಬಿಲ್ಡರ್ ನಗುನಗುತ್ತಾ ಬಂದು, ಬೀದಿಯನ್ನೆಲ್ಲ ಹೊಸದು ಮಾಡಿಕೊಡುತ್ತೇನೆ, ಅಂಗಡಿ ಸಾಲು ಮಾತ್ರ ನನಗೆ ಬಿಡಿ ಅಂದ. ಮೂಗಿಗಿಂತ ಮೂಗುತಿ ಭಾರ! ಉಳಿದದ್ದು ನಗರಸಭೆಯ ಅನುದಾನ. ಮುಕ್ಕಾಲು ಪಾಲು ಅವರದು, ಕಾಲು ಪಾಲು ನಮ್ಮದು; ನಮ್ಮ ಪಾಲನ್ನು ಕಲ್ಲು ಮಣ್ಣು ಹೊತ್ತು ತೀರಿಸಿದರೂ ನಡೆಯುತ್ತದೆ. ಅರ್ಜಿ ಹಿಡಿದು ಅತ್ತಿಗೆ ಮೂರು ತಿಂಗಳು ಕಚೇರಿಗೆ ಅಲೆದರು.

ಕೊನೆಗೂ ಸೋಮವಾರ ಎಂಜಿನಿಯರ್ ಬೀದಿ ನೋಡಲು ಬರುತ್ತಾರೆಂದು ಗೊತ್ತಾಯಿತು. ಅತ್ತಿಗೆ ಸುಮ್ಮನಿರಬೇಕಲ್ಲ!

"ಹೊರಗಿನವರು ಬರ್ತಾರೆ. ಹೀಗೇ ಇಟ್ಕೊಂಡ್ರೆ ನಮ್ಮನ್ನ ಏನಂದ್ಕೊಳ್ತಾರೆ?"

ಶನಿವಾರ, ಭಾನುವಾರ ಇಡೀ ಬೀದಿ ತೋಳೇರಿಸಿ ನಿಂತಿತು. ಕಟ್ಟಿದ್ದ ಕೆಸರು ಬಾಚಿದೆವು, ಬಿರುಕಿಗೆ ಸಿಮೆಂಟು ಮೆತ್ತಿದೆವು, ಮೇಲೆ ಸುಣ್ಣ ಬಳಿದೆವು. ಮಹಾ ಬುದ್ಧಿವಂತೆ ನಾನೂ ಪೊರಕೆ ಹಿಡಿದಿದ್ದೆ.

ಎಂಜಿನಿಯರ್ ಚಿಕ್ಕ ವಯಸ್ಸಿನ ಹೆಂಗಸು. ಈ ತುದಿಯಿಂದ ಆ ತುದಿಗೆ ನಡೆದು, ಕೈಲಿದ್ದ ಫಾರಂ ನೋಡಿದರು.

"ಬೀದಿ ಚೆನ್ನಾಗೇ ಇದೆಯಲ್ಲಮ್ಮ. ಹದಗೆಟ್ಟಿದೆ ಅಂತ ಹೇಗೆ ಬರೀಲಿ?"

"ಮೊನ್ನೆ ಬಂದಿದ್ರೆ ಮೂಗು ಮುಚ್ಕೊಂಡು ಓಡ್ತಿದ್ರಿ ಮೇಡಂ!" ಅಂದ ಪಕ್ಕದ ಬೇಕರಿಯವ.

"ಮೊನ್ನೇದು ಬರೆಯೋ ಹಾಗಿಲ್ಲ. ಇವತ್ತು ಕಣ್ಣಿಗೆ ಕಂಡಿದ್ದಷ್ಟೇ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ನನಗೆ ತಡೆಯಲಾಗಲಿಲ್ಲ. "ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ, ಅತ್ತಿಗೆ!" ಎಂದು ಎಲ್ಲರೆದುರು ಕೂಗಿದೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತಿಗೆ ನನ್ನತ್ತ ತಿರುಗಲೇ ಇಲ್ಲ. "ಮೇಡಂ, ಅಂಗಡಿ ಒಳಗಿನ ಗೋಡೆ ತೋರಿಸಿದ್ರೆ ಬರೀತೀರಾ?"

"ಬರೀತೀನಿ. ಆದ್ರೆ ಅಪಾಯ ಅನ್ನಿಸಿದ್ರೆ ಇವತ್ತೇ ಅಂಗಡಿ ಮುಚ್ಚಿಸ್ಬೇಕಾಗುತ್ತೆ. ಕೆಲಸ ಮುಗಿಯೋವರೆಗೂ."

"ಎಷ್ಟು ದಿನ?"

"ಒಂದು ವರ್ಷ. ಎರಡೂ ಆಗಬಹುದು."

ನಾನು ಅವರ ತೋಳು ಹಿಡಿದೆ. "ಬೇಡ ಅತ್ತಿಗೆ. ನಿಮ್ಮ ಅನ್ನ ಅದು."

"ಕೈ ಬಿಡೇ," ಅಂದರು.

ಹೊಲಿದ ಬಟ್ಟೆ ನೇತುಹಾಕಿದ್ದ ಸ್ಟ್ಯಾಂಡನ್ನು ಒಬ್ಬರೇ ಪಕ್ಕಕ್ಕೆ ಎಳೆದರು. ಹಿಂದಿನ ಗೋಡೆ ನೆಲದಿಂದ ಎದೆಮಟ್ಟ ಕಪ್ಪಗಾಗಿತ್ತು. ಎಂಜಿನಿಯರ್ ಪೆನ್ನಿನಿಂದ ಒತ್ತಿದರೆ ಅರ್ಧ ಪೆನ್ನು ಒಳಗೆ ಹೋಯಿತು. ಇಟ್ಟಿಗೆ ಹಿಟ್ಟಿನಂತೆ ಉದುರಿತು. ದಿನಾ ಅಲ್ಲೇ ಕೂತು ಹರಟುತ್ತಿದ್ದ ನನಗೂ ಗೊತ್ತಿರಲಿಲ್ಲ.

"ಯಾವಾಗಿಂದ ಹೀಗಿದೆ?"

ಬಾಗಿಲಲ್ಲಿ ಬೀದಿಯವರೆಲ್ಲ ನಿಂತಿದ್ದರು. ಅತ್ತಿಗೆ ಅವರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದರು: "ಐದು ವರ್ಷದಿಂದ. ಗೊತ್ತಾದ್ರೆ ಯಾರೂ ಬಟ್ಟೆ ಕೊಡಲ್ಲ ಅಂತ ಮುಚ್ಚಿಟ್ಟಿದ್ದೆ. ಬರ್ಕೊಳ್ಳಿ."

ಸಂಜೆಯೊಳಗೆ ಅಂಗಡಿಗೆ ಬೀಗ ಬಿತ್ತು. ಅದರ ಮೇಲೆ ನೋಟಿಸು ಅಂಟಿಸುವಾಗ ಬೇಕರಿಯವ ಕಣ್ಣೊರೆಸಿಕೊಂಡ. ಅತ್ತಿಗೆ ಮಾತ್ರ ನೋಟಿಸು ಸೊಟ್ಟಗಿದೆ ಎಂದು ಬೈದು ನೆಟ್ಟಗೆ ಮಾಡಿಸಿದರು.

ನಾಲ್ಕು ತಿಂಗಳಿಗೆ ಅನುದಾನ ಬಂತು. ಚರಂಡಿ ಕೆಲಸ ಈಗ ನಡೆಯುತ್ತಿದೆ. ನಮ್ಮ ಕಾಲು ಪಾಲು ತೀರಿಸಲು ಎಲ್ಲರೂ ವಾರಕ್ಕೊಂದು ದಿನ ಹೋಗುತ್ತೇವೆ. ಅತ್ತಿಗೆ ದಿನವೂ ಹೋಗಿ ಮಣ್ಣು ಹೊರುತ್ತಾರೆ. ಈ ವಯಸ್ಸಲ್ಲಿ ದಿನಾ ಯಾಕಮ್ಮ ಬರ್ತೀರಿ ಎಂದು ಮೇಸ್ತ್ರಿ ಕೇಳಿದ.

"ಅಂಗಡಿ ಇಲ್ವಲ್ಲಪ್ಪ," ಅಂದರು, "ಬಿಡುವಾಗಿದ್ದೀನಿ."