ಶೇಂಗಾ ಸಿಪ್ಪೆಯ ಶನಿ

ಹೋದ ವಾರ ಅಟ್ಟದ ಟ್ರಂಕು ಇಳಿಸಿದಾಗ ಶೇಂಗಾ ಸಿಪ್ಪೆಯ ಮುಗ್ಗಲು ವಾಸನೆ ಬಂತು. ನೀವೂ ಚಳ್ಳಕೆರೆಯವರಾದರೆ ಮೂಗು ಮುರಿಯುವುದಿಲ್ಲ ಬಿಡಿ. ಎಣ್ಣೆ ಮಿಲ್ಲಿನ ಗಾಳಿ ಕುಡಿದೇ ಬೆಳೆದವರು ನಾವು. ಒಳಗಿದ್ದದ್ದು ಒಂದು ರಟ್ಟಿನ ತಟ್ಟೆ. ನಡುವೆ ಶನಿಗ್ರಹವೆಂದು ಅಂಟಿಸಿದ ಅರ್ಧ ಚೆಂಡು, ಸುತ್ತ ಸಿಪ್ಪೆ ಚೂರುಗಳ ಉಂಗುರ, ಅದರಾಚೆ ತಂತಿಗೆ ಸಿಕ್ಕಿಸಿದ ಎರಡು ಹುಣಸೆಬೀಜ. ಬೀಜಗಳೇ ಚಂದ್ರರು.

ನಾನು ಮೊಳಕಾಲ್ಮೂರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ಇದನ್ನು ಮಾಡಿದವಳು ಪದ್ಮ. ಹತ್ತನೇ ಕ್ಲಾಸು, ರೇಷ್ಮೆ ಸೀರೆ ನೇಯುವವರ ಮನೆ, ಮನೆಯೊಳಗೆ ತೆಲುಗು, ಅಪ್ಪನನ್ನು ಕರೆಯುವುದು ‘ನಾಯ್ನ’ ಎಂದು. ತಾಲ್ಲೂಕು ವಿಜ್ಞಾನ ಪ್ರದರ್ಶನದಲ್ಲಿ ಗೆದ್ದರೆ ಕಾಲೇಜಿಗೆ ಕಳಿಸುತ್ತೇನೆಂದು ಅವಳಪ್ಪ ನನ್ನೆದುರಿಗೇ ಮಾತು ಕೊಟ್ಟಿದ್ದರು.

“ಉಂಗುರದ ಚೂರುಗಳು ಬೇಗ ಸುತ್ತಿ ಹೊರಗಿನ ಚಂದ್ರನ್ನ ಮುಂದಕ್ಕೆ ಎಳೀತವೆ ಸಾರ್,” ಎಂದು ಅವಳು ನನಗೆ ಒಪ್ಪಿಸಿದಳು. “ಅವು ಎರಡು ಸುತ್ತು ಬರೋವಾಗ ಚಂದ್ರಂದು ಒಂದು. ಹಂಗಾಗಿ ಒಂದೇ ಜಾಗದಾಗೆ ಸಿಕ್ತವೆ. ನಮ್ಮ ನಾಯ್ನ ಮಗ್ಗದಾಗೂ ಹಂಗೇ. ಸೀರೆ ಅಂಚಿನ ಚಿತ್ತಾರಕ್ಕೆ ತೂತು ಹೊಡ್ದಿರೋ ರಟ್ಟಿನ ಸರ ಎರಡು ಸಲ ತಿರುಗಿದ್ರೆ ಒಡಲಿಂದು ಒಂದು ಸಲ. ರಟ್ಟಿನಾಗೆ ಒಂದು ತೂತು ತಪ್ಪಿದ್ರೆ ಅದೇ ಜಾಗಕ್ಕೇ ಬಂದು ಬೀಳ್ತೈತೆ. ಸಣ್ಣ ಎಳೆತ ಸೇರಿ ಸೇರಿ ಚಂದ್ರ ಹೊರಕ್ಕೆ ಸರೀತಾನೆ.”

ನನ್ನದು ಒಕ್ಕಲುತನದ ಮನೆ. ಕಣದಲ್ಲಿ ತೆನೆ ತುಳಿಸಲು ಎತ್ತುಗಳನ್ನು ಸಾಲಾಗಿ ಹಂತಿ ಕಟ್ಟುವಾಗ ನಡುಗಂಬದ ಪಕ್ಕ ಮುದಿ ಎತ್ತು, ಹೊರತುದಿಗೆ ಹೋರಿ. ಮುದಿಯದು ನಿಂತಲ್ಲೇ ತಿರುಗಿದರೆ ಸಾಕು, ಹೋರಿ ಓಡಬೇಕು. ಇದನ್ನು ಕಣ್ಣಾರೆ ಕಂಡವನಿಗೆ ಪುಸ್ತಕ ಯಾಕೆ ಬೇಕು?

“ಕಣ ನೋಡಿಲ್ವೇನವ್ವ? ಒಳಗಿಂದು ನಿಧಾನ, ಹೊರಗಿಂದು ಜೋರು. ಹಂಗೇ ಹೇಳು.”

“ಲೈಬ್ರರಿ ಪುಸ್ತಕದಾಗೆ ಬೇರೆ ಐತಲ್ಲ ಸಾರ್?”

“ಅಚ್ಚಿನ ತಪ್ಪಿರ್ತೈತೆ ಬಿಡು,” ಅಂದೆ. ಆಹಾ, ಎಂಥ ಧೈರ್ಯ ನನ್ನದು!

ಪ್ರದರ್ಶನದಲ್ಲಿ ತೀರ್ಪುಗಾರರು, “ಯಾವುದಮ್ಮ ಬೇಗ ಸುತ್ತೋದು?” ಎಂದು ಕೇಳಿದರು. ಪದ್ಮ ನನ್ನ ಕಡೆ ನೋಡಿದಳು. ನಾನು ಹೊರಗಿನ ಬೀಜಕ್ಕೆ ಕಣ್ಸನ್ನೆ ಮಾಡಿದೆ.

“ಹೊರಗಿಂದು,” ಅಂದಳು.

“ಹಾಗಾದ್ರೆ ಹಿಂದೆ ಬಿದ್ದ ಚೂರುಗಳು ಚಂದ್ರನ್ನ ಹಿಂದಕ್ಕೇ ಎಳೀಬೇಕಲ್ಲ? ಅವನು ಹೊರಗೆ ಹೇಗೆ ಹೋಗ್ತಾನೆ?”

ಬಹುಮಾನ ಇನ್ನಾರಿಗೋ ಹೋಯಿತು. ಪದ್ಮ ತಟ್ಟೆಯನ್ನು ನನ್ನ ಬಳಿಯೇ ಬಿಟ್ಟು, ಪರೀಕ್ಷೆ ಮುಗಿಸಿ ಮಗ್ಗಕ್ಕೆ ಕೂತಳು.

ಮರುವರ್ಷ ಒಂದು ತರಬೇತಿಯಲ್ಲಿ ನನಗೆ ಸತ್ಯ ತಿಳಿಯಿತು. ಗ್ರಹಕ್ಕೆ ಹತ್ತಿರದ್ದೇ ಬೇಗ ಓಡುತ್ತದೆ. ಆಕಾಶದಲ್ಲಿ ಕಂಬವೂ ಇಲ್ಲ, ಹಗ್ಗವೂ ಇಲ್ಲ. ಹೊರಗೆ ಸರಿದ ಪುಟ್ಟ ಚಂದ್ರ ಮುಂದೆ ಇನ್ನೊಂದು ಚಂದ್ರನ ಲಯಕ್ಕೆ ಸಿಕ್ಕರೆ ಅದರ ಹಾದಿ ಮೊಟ್ಟೆಯ ಹಾಗೆ ಉದ್ದವಾಗುತ್ತದಂತೆ. ಇಷ್ಟೆಲ್ಲ ತಿಳಿದೂ ಪದ್ಮಳಿಗೆ ಹೇಳಲಿಲ್ಲ. ಅಷ್ಟರಲ್ಲಿ ವರ್ಗವಾಯಿತು ಎಂದು ನೆಪ ಹೇಳಬಹುದು. ನಿಜವೆಂದರೆ ಮೇಷ್ಟ್ರ ಜಂಬ.

ನಿನ್ನೆ ತಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಪದ್ಮ ಮಗ್ಗದಲ್ಲೇ ಇದ್ದಳು. ತಲೆಯಲ್ಲಿ ಒಂದೆರಡು ಬೆಳ್ಳಿಗೂದಲು.

“ಕೂತ್ಕಳ್ರಿ ಸಾರ್.”

ನಿಂತೇ ಹೇಳಿದೆ: “ಅವತ್ತು ನೀನು ಹೇಳಿದ್ದೇ ಸರಿ ಕಣವ್ವ. ತಪ್ಪು ನಂದು.”

“ನಂಗೆ ಅವತ್ತೇ ಗೊತ್ತಿತ್ತು ಸಾರ್.”

“ಮತ್ಯಾಕೆ ಹಂಗಂದೆ?”

“ಅಷ್ಟು ಜನದ ಮುಂದೆ ನಿಮ್ಮ ಮಾತು ಹೆಂಗೆ ಸುಳ್ಳು ಮಾಡ್ಲಿ?”

ನಾನು ಟವೆಲ್ಲು ಬಿಚ್ಚಿ ತಟ್ಟೆಯನ್ನು ಅವಳ ಮುಂದೆ ಹಿಡಿದೆ. ಅವಳು ತಟ್ಟೆಯ ಧೂಳು ಒರೆಸಿ ನನ್ನ ಕೈಗೇ ವಾಪಸು ಕೊಟ್ಟಳು. “ನಂಗ್ಯಾಕೆ ಹೇಳ್ತೀರಿ? ನಾಯ್ನಗೆ ಹೇಳ್ರಿ. ನಾನು ಸರಿಯಾಗಿ ಓದ್ಲಿಲ್ಲ ಅಂತ ಇವತ್ತಿಗೂ ನೊಂದ್ಕಂತಾರೆ.”

ಅವಳಪ್ಪ ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದರು. ಎದುರಿಗೆ ಕೂತು, ತಟ್ಟೆ ಮುಂದಿಟ್ಟು, “ನಿಮ್ಮ ಮಗಳು ಸೋಲ್ಲಿಲ್ರಿ ಯಜಮಾನ್ರೆ. ಸೋಲಿಸ್ದೋನು ನಾನು,” ಎಂದು ಎಲ್ಲ ಹೇಳಿದೆ. ಅವರ ಕೈ ನಿಂತಿತು.

“ನಿಜಮೇನಮ್ಮಾ?” ಎಂದು ಮಗಳನ್ನು ಕೇಳಿದರು.

ಈ ಸಲ ಪದ್ಮ ನನ್ನ ಕಡೆ ನೋಡಲಿಲ್ಲ.

“ಅವುನು ನಾಯ್ನ, ನಿಜಮೇ,” ಅಂದಳು.